ಒಬ್ಬಟ್ಟು ಒಡೆದ್ರೆ ಮೈದಾ ಹಿಟ್ಟನ್ನ ಬೈಬೇಡಿ, ಮೊದ್ಲು ಹೂರಣ ನೋಡಿ

ಮೈದಾ ಕಂಪನಿ ಬದಲಾಯಿಸಿದ್ರೂ ಒಬ್ಬಟ್ಟು ತಟ್ಟುವಾಗ ಹೂರಣ ಆಚೆ ಬರ್ತಿದೆ, ಯಾವ ಹಿಟ್ಟು ತರ್ಲಿ, ಇಲ್ಲಾ ಪ್ರೆಸ್ ಮಷೀನೇ ತಗೊಂಡುಬಿಡ್ಲಾ ಅಂತ ಕೇಳಿದೀರಲ್ಲ, ಓದಿದ್ರೆ ನಾನೇ ಬರೆದಿದ್ದೇನೋ ಅನ್ನಿಸ್ತು. ಎರಡೂ ಬೇಡ. ಕುಕ್ಕರಲ್ಲಿ ತಾನೇ ಬೇಳೆ ಬೇಯಿಸೋದು ನೀವು? ಹಾಗಿದ್ರೆ ಹಿಟ್ಟಿನ ತಂಟೆಗೆ ಹೋಗ್ಬೇಡಿ, ನಿಮ್ಮ ಹೂರಣದಲ್ಲಿ ನೀರಿದೆ.

ನಾನು ತಿಪಟೂರು ಕಡೆಯವನು, ಹೆಂಡ್ತಿ ಧಾರವಾಡದವಳು. ಮದುವೆ ಆದ್ಮೇಲೆ ಬಂದ ಮೊದಲನೇ ಯುಗಾದಿಗೆ ಅತ್ತೆ ಮಾವ ಬೆಂಗಳೂರಿಗೆ ಬರ್ತೀವಿ ಅಂದ್ರು. ಅವರ ಕಡೆ ಕಡಲೆ ಬೇಳೆ ಹೋಳಿಗೆ, ಗೋಧಿ ಹಿಟ್ಟಿನ ಕಣಕ, ಒಣ ಹಿಟ್ಟು ಹಚ್ಚಿ ಲಟ್ಟಣಿಗೇಲಿ ಲಟ್ಟಿಸ್ತಾರೆ. ನಮ್ಮ ಕಡೆ ತೊಗರಿ ಬೇಳೆ, ಚಿರೋಟಿ ರವೆ ಮೈದಾ ಹಾಕಿ ಎಣ್ಣೇಲಿ ನೆನೆಸಿದ ಕಣಕ, ಬಾಳೆ ಎಲೆ ಮೇಲೆ ಕೈಯಲ್ಲಿ ತಟ್ಟೋದು. ಹೆಂಡ್ತಿಗೆ ಹಬ್ಬದ ದಿನ ಬೆಳಗ್ಗೆ ಡ್ಯೂಟಿ ಇತ್ತು, ನಾನು ಎದೆ ತಟ್ಕೊಂಡು ಹೇಳ್ದೆ, ಒಬ್ಬಟ್ಟು ನಾನು ಮಾಡ್ತೀನಿ, ನಮ್ಮ ಕಡೆ ಒಬ್ಬಟ್ಟು ಹೇಗಿರುತ್ತೆ ಅಂತ ನಿಮ್ಮಮ್ಮನಿಗೆ ತೋರಿಸ್ತೀನಿ ಅಂತ. ಅಮ್ಮ ಮಾಡೋದನ್ನ ಚಿಕ್ಕಂದಿನಿಂದ ನೋಡಿದ್ದೆ, ಆದ್ರೆ ನಾನು ನೋಡಿದ್ದು ತಟ್ಟೋದನ್ನ ಮತ್ತೆ ತಿನ್ನೋದನ್ನ ಮಾತ್ರ, ಬೇಳೆ ಬೇಯಿಸೋ ಹೊತ್ತಿಗೆ ನಾವೆಲ್ಲ ಬೀದೀಲಿ ಇರ್ತಿದ್ವಿ.

ಹಿಂದಿನ ರಾತ್ರಿನೇ ಬೇಳೆ ಬೇಯಿಸಿದೆ. ಕುಕ್ಕರ್, 3 ವಿಷಲ್. ಮುಚ್ಚಳ ತೆಗೆದ್ರೆ ಬೇಳೆ ಅನ್ನೋದೇ ಇಲ್ಲ, ಸಾರಿಗೆ ಹಾಕೋ ಥರ ಕರಗಿಹೋಗಿದೆ. ಬಸಿಯೋಕೆ ಹೋದ್ರೆ ನೀರಿನ ಜೊತೆ ಬೇಳೇನೂ ಇಳೀತು, ಸರಿ ಬಿಡು ಅಂತ ಹಾಗೇ ಬೆಲ್ಲ ಹಾಕಿ ಕಲಸಿ ಮಿಕ್ಸಿಗೆ ಹಾಕಿದೆ. ಸೌಟಲ್ಲಿ ಎತ್ತಿದ್ರೆ ಸುರೀತಾ ಇತ್ತು. ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್‌ಗೆ ಇಟ್ಟೆ. ಬೆಳಗ್ಗೆ ಎದ್ದು ನೋಡಿದ್ರೆ ಗಟ್ಟಿ! ಉಂಡೆ ಕಟ್ಟಿದ್ರೆ ಕೈಗೆ ಅಂಟದ ಹಾಗೆ ಬರ್ತಿದೆ. ನನ್ನ ಖುಷಿ ನೋಡ್ಬೇಕಿತ್ತು, ಯಾರಿಗೂ ಗೊತ್ತಿಲ್ಲದ ಟ್ರಿಕ್ ಕಂಡುಹಿಡಿದುಬಿಟ್ಟೆ ಅಂದ್ಕೊಂಡೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನ್ನ ಹಬ್ಬ ಹಾಳಾಗಿದ್ದೂ ಇದ್ರಿಂದಲೇ, ಆಮೇಲೆ ವರ್ಷಾನುಗಟ್ಟಲೆ ತಪ್ಪು ಕಡೆ ಹುಡುಕಿದ್ದೂ ಇದ್ರಿಂದಲೇ. ಬೆಲ್ಲ ಕರಗಿರೋ ಹೂರಣ ತಣ್ಣಗಾದಷ್ಟೂ ಬಿಗಿಯಾಗುತ್ತೆ, ಬಿಸಿಯಾದಷ್ಟೂ ಸಡಿಲ ಆಗುತ್ತೆ. ಫ್ರಿಜ್‌ಗೆ ಇಟ್ಟಾಗ ಅದರೊಳಗಿನ ನೀರು ಎಲ್ಲೂ ಹೋಗಿರಲ್ಲ, ಅಲ್ಲೇ ಇರುತ್ತೆ, ಗಟ್ಟಿ ಅಂತ ನಮಗೆ ಅನ್ನಿಸುತ್ತೆ ಅಷ್ಟೆ. ಆ ತಣ್ಣನೆ ಗಟ್ಟಿ ಉಂಡೆನ ಮೆತ್ತಗಿರೋ ಕಣಕದೊಳಗೆ ಇಟ್ಟು ತಟ್ಟಿದ್ರೆ ಏನಾಗುತ್ತೆ? ಕಣಕ ಮಾತ್ರ ಅಂಚಿಗೆ ಓಡುತ್ತೆ, ಹೂರಣ ನಡುವೆ ಗುಡ್ಡೆಯಾಗಿ ಕೂತಿರುತ್ತೆ, ಅದನ್ನ ಒತ್ತಿದ್ರೆ ಮೇಲಿನ ಪದರ ಹರೀತು. ನನಗಾಗಿದ್ದು ಅದೇ. ಆಗ ನಾನೇನು ಮಾಡಿದೆ, ಓಹೋ ಕಣಕ ತೀರಾ ಮೆತ್ತಗಾಯ್ತು ಅಂತ ಅದಕ್ಕೆ ಇನ್ನಷ್ಟು ಮೈದಾ ಸುರಿದು ನಾದಿದೆ. ಅಷ್ಟೊತ್ತಿಗೆ ತಟ್ಟೇಲಿಟ್ಟಿದ್ದ ಉಂಡೆಗಳು ಅಡುಗೆಮನೆ ಸೆಕೆಗೆ ಬೆಚ್ಚಗಾದ್ವು, ಏಪ್ರಿಲ್ ಬೇಸಿಗೆ ಬೇರೆ. ಈಗ ಉಲ್ಟಾ. ಕಣಕ ಬಿಗಿ, ಹೂರಣ ಪೇಸ್ಟು. ತಟ್ಟಿದ್ರೆ ಪಕ್ಕದಿಂದ ಪಿಚಕ್ ಅಂತ ಬಂತು. ಹೇಗೋ ತೇಪೆ ಹಾಕಿ ಕಾವಲಿಗೆ ಹಾಕಿದ್ರೆ ಒಳಗಿನ ನೀರು ಹಬೆಯಾಗಿ ಪದರ ಎಬ್ಬಿಸಿ ಬಾಯಿ ಬಿಡಿಸ್ತು, ಬೆಲ್ಲದ ನೀರು ಕಾವಲಿ ಮೇಲೆ ಹರಿದು ಸೀದು ಕಪ್ಪಾಗಿ ಹಿಡ್ಕೊಂಡು ಮನೆ ತುಂಬಾ ಹೊಗೆ, ಮೊಗಚೋಕೆ ಹೋದ್ರೆ ಅರ್ಧ ಕಾವಲೀಲಿ ಅರ್ಧ ಕೈಯಲ್ಲಿ.

ಗೊತ್ತಾಯ್ತಲ್ಲ? ಒಂದೇ ಡಬ್ಬಿ ಹೂರಣ, ಒಂದೇ ಬೆಳಗ್ಗೆ, ಮೊದ್ಲು ಹೂರಣ ಗಟ್ಟಿ ಇದ್ದು ಒಡೀತು ಆಮೇಲೆ ಮೆತ್ತಗಿದ್ದು ಒಡೀತು. ಎರಡು ಸಲಾನೂ ಹರಿದಿದ್ದು ಕಣಕ ಆದ್ರಿಂದ ಬೈಸ್ಕೊಂಡಿದ್ದೂ ಕಣಕಾನೇ. ನೀವು ಮೈದಾ ಬದಲಾಯಿಸ್ತಿರೋದೂ ಇದೇ ಕಾರಣಕ್ಕೆ ಅಂತ ನನ್ನ ಗಟ್ಟಿ ನಂಬಿಕೆ.

ಅವತ್ತು ಕೊನೆಗೆ ಅಂಗಡಿಯಿಂದ ಹೋಳಿಗೆ ತಂದು ಎಲೆಗೆ ಬಡಿಸಿದ್ದಾಯ್ತು. ಅತ್ತೆ ಮಾತ್ರ ನಾನು ಮಾಡಿದ ಚಿಂದಿಗಳನ್ನೇ ಬಟ್ಟಲಿಗೆ ಹಾಕಿಸ್ಕೊಂಡು ಹಾಲು ಸುರ್ಕೊಂಡು, "ಹಾಲಿನ್ಯಾಗ ಕಲಸಿದ್ರ ಎಲ್ಲಾ ಹೋಳಿಗೀನೂ ಒಂದ ಅಲ್ರೀ" ಅಂದ್ರು. ಸಮಾಧಾನಕ್ಕೆ ಹೇಳಿದ್ದು ಅಂತ ಗೊತ್ತು, ಆದ್ರೂ ಮುಖ ಎತ್ತೋಕಾಗ್ಲಿಲ್ಲ.

ಆಮೇಲೆ ನಾನು ಮಾಡಿದ್ದೆಲ್ಲ ನೀವು ಈಗ ಮಾಡ್ತಿರೋದೇ. ಬೇರೆ ಬೇರೆ ಮೈದಾ, ನಾನ್‌ಸ್ಟಿಕ್ ತವಾ, ಕೊನೆಗೆ ಒಂದು ಪ್ರೆಸ್ಸೂ ಬಂತು. ಪ್ರೆಸ್ ಬಗ್ಗೆ ಒಂದೇ ಮಾತು: ಕೈ ಆದ್ರೆ ಎಲ್ಲಿ ಗಟ್ಟಿ ಇದೆ ಎಲ್ಲಿ ತೆಳುವಾಯ್ತು ಅಂತ ಬೆರಳಿಗೆ ತಿಳಿಯುತ್ತೆ, ಮಷೀನ್‌ಗೆ ಏನು ತಿಳಿಯುತ್ತೆ, ಒಂದೇ ಸಲ ಅದುಮುತ್ತೆ, ನೀರಿರೋ ಹೂರಣ ನಾಲ್ಕೂ ಕಡೆಯಿಂದ ಆಚೆ. ಹೂರಣ ಸರಿ ಇದ್ರೆ ಮಷೀನ್ ಬೇಕಾಗಲ್ಲ, ಸರಿ ಇಲ್ದೆ ಇದ್ರೆ ಅದ್ರಿಂದ ಏನೂ ಆಗಲ್ಲ. ನಮ್ಮನೇಲಿ ಅದು ಈಗ ಅಟ್ಟದ ಮೇಲಿದೆ.

ಒಂದು ವರ್ಷ ಹೋಳಿ ಹುಣ್ಣಿಮೆಗೆ ಧಾರವಾಡಕ್ಕೆ ಹೋಗಿದ್ದೆ. ಅತ್ತೆ ದೊಡ್ಡ ಪಾತ್ರೇಲಿ ಕಡಲೆ ಬೇಳೆ ಮುಚ್ಚಳ ಇಲ್ದೆ ಕುದಿಸ್ತಾ, ಆಗಾಗ ಒಂದು ಕಾಳು ತೆಗೆದು ಹಿಚುಕಿ ನೋಡ್ತಾ ಇದ್ರು. ನಾನು ಬುದ್ಧಿವಂತನ ಥರ ಫ್ರಿಜ್ ಟ್ರಿಕ್ ಹೇಳ್ದೆ. ಅವರು ನಕ್ಕು, "ಅದು ಗಟ್ಟಿ ಆಗಿರೂದಿಲ್ರೀ, ಥಂಡಿ ಆಗಿರ್ತೇತಷ್ಟ. ಹಂಚಿನ ಮ್ಯಾಲೆ ಹಾಕಿದ ಕೂಡ್ಲೆ ನೀರ ಬಿಡ್ತೇತಿ" ಅಂದ್ರು. ಅಷ್ಟು ವರ್ಷ ತಲೆ ಕೆಡಿಸ್ಕೊಂಡಿದ್ದು ಅಲ್ಲಿಗೆ ಮುಗೀತು.

ಈಗ ನಾನು ಮಾಡೋ ರೀತಿ ಹೇಳ್ತೀನಿ. ಕಾಲು ಕೆಜಿ ಬೇಳೆ, ಒಂದು ಲೀಟರ್ ನೀರು ಕುದಿಯೋವಾಗ ಹಾಕಿ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ, ತೆರೆದ ಪಾತ್ರೆ. ತೊಗರಿ ಬೇಳೆಗೆ ಅರ್ಧ ಗಂಟೆ ಆಸುಪಾಸು, ಕಡಲೆ ಬೇಳೆಗೆ ಅದಕ್ಕಿಂತ ಜಾಸ್ತಿ, ಹಳೇ ಬೇಳೆ ಆದ್ರೆ ಇನ್ನೂ ಜಾಸ್ತಿ, ಗಡಿಯಾರ ನೋಡೋದಕ್ಕಿಂತ ಕಾಳು ನೋಡಿ. ಕಣ್ಣಿಗೆ ಬೇಳೆ ಇಡಿಯಾಗಿ ಕಾಣ್ಬೇಕು, ಬೆರಳಲ್ಲಿ ಒತ್ತಿದ್ರೆ ನಡುವೆ ಗಟ್ಟಿ ಚುಕ್ಕೆ ಸಿಗದೆ ಮೆತ್ತಗಾಗ್ಬೇಕು. ಆಗ ಬಸಿದು, ಪಾತ್ರೆ ವಾರೆ ಇಟ್ಟು ಕಾಲು ಗಂಟೆ ಬಿಟ್ಟುಬಿಡಿ. ಈ ಕಾಲು ಗಂಟೇಲಿ ಅವಸರ ಮಾಡೋರೇ ಜಾಸ್ತಿ. ಆಮೇಲೆ ಬೆಚ್ಚಗಿರುವಾಗ ಮಿಕ್ಸೀಲಿ ಸ್ವಲ್ಪ ಸ್ವಲ್ಪವೇ ಹಾಕಿ ನೀರು ಮುಟ್ಟಿಸದೆ ಪುಡಿ ಮಾಡಿ. ಬೆಲ್ಲ ಹಾಕಿದ ಮೇಲೆ ರುಬ್ಬೋಕೆ ಹೋದ್ರೆ ಮಿಕ್ಸಿ ತಿರುಗಲ್ಲ, ತಿರುಗಲ್ಲ ಅಂತ ಒಂದು ಚೂರು ಹಾಲೋ ನೀರೋ ಹಾಕ್ತೀರ, ಅಲ್ಲಿಗೆ ಕಥೆ ಮುಗೀತು. ಗ್ರೈಂಡರ್ ಇದ್ರೆ ಈ ರಗಳೆ ಇಲ್ಲ.

ಬೆಲ್ಲ 200 ಗ್ರಾಂ ಸಾಕು. ಮಂಡ್ಯ ಕಡೆ ಅಚ್ಚು ಬೆಲ್ಲ ಸಿಕ್ಕಿದ್ರೆ ಅದು, ಪಾಕದ ಥರ ಸುರಿಯೋ ಜೋನಿ ಬೆಲ್ಲ ಅಂತೂ ಹೂರಣಕ್ಕೆ ಬೇಡವೇ ಬೇಡ. ದಪ್ಪ ತಳದ ಬಾಣಲೇಲಿ ಬೇಳೆ ಬೆಲ್ಲ ಎರಡೂ ಹಾಕಿ ಸಣ್ಣ ಉರೀಲಿ ಕೈ ಬಿಡದೆ ತಿರುವಿ. ಮೊದ್ಲು ನೀರಾಗುತ್ತೆ, ಗಾಬರಿ ಆಗ್ಬೇಡಿ, ಬೆಲ್ಲ ಕರಗೋವಾಗ ಆಗೋದೇ ಹಾಗೆ. ಆಮೇಲೆ ಬಿಗಿಯಾಗ್ತಾ ಬರುತ್ತೆ. ಸೌಟು ನಡುವೆ ನೆಟ್ಟರೆ ಬೀಳದೆ ನಿಲ್ಲಬೇಕು, ಬಿಸಿ ಇರುವಾಗ್ಲೇ ನಿಲ್ಲಬೇಕು, ಅದೇ ಹದ. ತಣ್ಣಗಾದ್ಮೇಲೆ ನಿಲ್ಲೋದು ಲೆಕ್ಕಕ್ಕಿಲ್ಲ. ಹಸಿ ತೆಂಗಿನಕಾಯಿ ಹಾಕೋ ಪದ್ಧತಿ ಇದ್ರೆ ನುಣ್ಣಗೆ ರುಬ್ಬಿ ಇದೇ ಹಂತದಲ್ಲಿ ಹಾಕಿ, ಅದೂ ನೀರು ಬಿಡುತ್ತೆ. ಏಲಕ್ಕಿ ಕೊನೇಲಿ.

ಈಗಾಗ್ಲೇ ನೀರಾಗಿರೋ ಹೂರಣ ಮನೇಲಿದ್ರೆ ಎಸೀಬೇಡಿ, ಅದನ್ನೂ ಬಾಣಲೆಗೆ ಹಾಕಿ ಇದೇ ಹದಕ್ಕೆ ತನ್ನಿ. ತೀರಾ ಆಗ್ಲಿಲ್ಲ ಅಂದ್ರೆ ಎರಡು ಚಮಚ ಹುರಿಗಡಲೆ ಪುಡಿ. ಕೆಲವರು ಮೈದಾ ಹಾಕಿ ಅಂತಾರೆ, ಹಸಿ ಹಿಟ್ಟಿನ ವಾಸನೆ ಬರುತ್ತೆ, ನನಗಂತೂ ಆಗಲ್ಲ.

ಕಣಕದ ಬಗ್ಗೆ ಕೇಳಿದ್ರಿ ಅಂತ ಹೇಳ್ತೀನಿ. ಚಿರೋಟಿ ರವೆ ಎರಡು ಪಾಲು, ಮೈದಾ ಒಂದು ಪಾಲು, ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಿ, ಧಾರಾಳವಾಗಿ ಎಣ್ಣೆ ಹಾಕಿ ನಾದಿ, ಮೇಲೂ ಎಣ್ಣೆ ಸುರಿದು 2 ಗಂಟೆ ಮುಚ್ಚಿಡಿ. ಎಳೆದ್ರೆ ರಬ್ಬರ್ ಥರ ವಾಪಸ್ ಓಡಬಾರದು, ಎಳೆದ ಕಡೆ ಬರಬೇಕು. ಯಾವ ಕಂಪನಿ ಮೈದಾ ಆದ್ರೂ ನಡೆಯುತ್ತೆ, ನಿಜವಾಗ್ಲೂ. ಉಂಡೆ ಕಟ್ಟೋ ಮುಂಚೆ ಒಂದು ಕೈಯಲ್ಲಿ ಕಣಕ ಇನ್ನೊಂದು ಕೈಯಲ್ಲಿ ಹೂರಣ ಹಿಡಿದು ಎರಡೂ ಹಿಚುಕಿ ನೋಡಿ. ಎರಡೂ ಒಂದೇ ಮೆತ್ತಗೆ ಇದ್ರೆ ಒಟ್ಟಿಗೆ ಹರಡುತ್ವೆ. ಹೂರಣ ಫ್ರಿಜ್‌ನಲ್ಲಿದ್ರೆ ಎರಡು ಗಂಟೆ ಮುಂಚೆ ಆಚೆ ತೆಗೆದಿಟ್ಟು ಆಮೇಲೆ ಹಿಚುಕಿ, ಆಗ ಬಣ್ಣ ಬಯಲಾಗುತ್ತೆ. ಬಿಸಿ ಹೂರಣಾನೂ ತುಂಬಬೇಡಿ.

ಇನ್ನೊಂದು ಮಾತು, ನಮ್ಮ ಕಡೆಯೋರು ಬೈದ್ರೂ ಪರವಾಗಿಲ್ಲ. ತೆಳ್ಳಗೆ ಬರ್ಬೇಕು ಅಂತ ಬರೆದಿದೀರ, ಯಾಕೆ? ಹೊಸದಾಗಿ ಕಲಿಯೋರು ತೊಗರಿ ಬೇಳೆ ಎಣ್ಣೆ ಕಣಕದ ಒಬ್ಬಟ್ಟಿಗೆ ಕೈ ಹಾಕ್ಲೇಬಾರದು ಅಂತೀನಿ. ಕಡಲೆ ಬೇಳೆ, ಗೋಧಿ ಹಿಟ್ಟಿನ ಕಣಕ, ಲಟ್ಟಣಿಗೆ, ಸ್ವಲ್ಪ ದಪ್ಪಗೆ, ಧಾರವಾಡದ ದಾರಿ ಹಿಡೀರಿ. ಕಡಲೆ ಬೇಳೆ ಅಷ್ಟು ಬೇಗ ಕರಗಲ್ಲ, ಗೋಧಿ ಕಣಕ ಅಷ್ಟು ಸುಲಭಕ್ಕೆ ಹರಿಯಲ್ಲ, ಸಣ್ಣಪುಟ್ಟ ತಪ್ಪನ್ನೆಲ್ಲ ಸಹಿಸುತ್ತೆ. ಕೈ ಕುದುರಿದ ಮೇಲೆ ಬಾಳೆ ಎಲೆಗೆ ಬನ್ನಿ. ಕಾವಲಿ ಚೆನ್ನಾಗಿ ಕಾಯಿಸಿ ಮಧ್ಯಮ ಉರಿ ಇಡಿ, ಒಡೆಯುತ್ತೆ ಅನ್ನೋ ಭಯಕ್ಕೆ ಸಣ್ಣ ಉರಿ ಇಟ್ರೆ ಒಣಗಿ ಬಿರುಸಾಗುತ್ತೆ. ಒಂದೇ ಸಲ ಮೊಗಚಿ, ಮೇಲೆ ತುಪ್ಪ.

ಆಮೇಲೆ ಬಸಿದ ನೀರು ಚೆಲ್ಲೀರಾ ಮತ್ತೆ! ಅದೇ ಕಟ್ಟು. ಕುಕ್ಕರಲ್ಲಿ ಬೇಯಿಸಿದ್ರೆ ಅದೂ ಸಿಗಲ್ಲ, ಬಸಿದಿದ್ದೆಲ್ಲ ಬೇಳೆ ಗಂಜಿ. ಕಟ್ಟಿಗೆ ಹುಣಸೆ ಹಣ್ಣು, ಸಾರಿನ ಪುಡಿ, ಒಂದು ನಿಂಬೆ ಗಾತ್ರ ಹೂರಣ ಕದಡಿ ಕುದಿಸಿ ಇಂಗಿನ ಒಗ್ಗರಣೆ ಕೊಟ್ರೆ ನಮ್ಮ ಕಡೆ ಒಬ್ಬಟ್ಟಿನ ಸಾರು. ಹೆಂಡ್ತಿ ಅದಕ್ಕೆ ಒಣಕೊಬ್ಬರಿ ಸುಟ್ಟು, ಚಕ್ಕೆ ಲವಂಗ ಹುರಿದು ರುಬ್ಬಿ ಹಾಕ್ತಾಳೆ, ಅದು ಕಟ್ಟಿನ ಸಾರಂತೆ. ಹಬ್ಬದ ದಿನ ನಮ್ಮನೇಲಿ ಎರಡೂ ಪಾತ್ರೆ ಒಲೆ ಮೇಲಿರುತ್ತೆ. ಮೊದ್ಲು ಖಾಲಿ ಆಗೋದು ಯಾವಾಗ್ಲೂ ಅವಳದ್ದೇ, ಅದರಲ್ಲಿ ಅರ್ಧ ಬಡಿಸ್ಕೊಳ್ಳೋನು ನಾನೇ.