ಟಿ.ಬಿ.ಗೆ ದಿನವೂ ವಿಟಮಿನ್ ಡಿ ಪೊಟ್ಟಣ?

ಓದುಗರ ಪತ್ರ: ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ನನ್ನ ತಮ್ಮನಿಗೆ ಟಿ.ಬಿ. ಗುಳಿಗೆ ಶುರುವಾಗಿದೆ. ವಿಟಮಿನ್ ಡಿ 11 ಬಂದಿದೆ. ದಿನಕ್ಕೊಂದು 60,000 ಯೂನಿಟ್ ಪೊಟ್ಟಣ ಕೊಟ್ಟರೆ ರೋಗ ಬೇಗ ಇಳಿಯುತ್ತದೆ ಎಂದು ಮೆಡಿಕಲ್ ಅಂಗಡಿಯವರು ಹೇಳುತ್ತಾರೆ. ಕೊಡಬಹುದೇ? ಇಷ್ಟು ಬಿಸಿಲಿನ ಊರಲ್ಲಿ ಡಿ ಕಡಿಮೆಯಾಗುವುದಾದರೂ ಹೇಗೆ?

ಸಂಪಾದಕರ ಉತ್ತರ: ಕೊಡಬೇಡಿ. ಆ ಪೊಟ್ಟಣ ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಕೊಡುವಂಥದ್ದು, ದಿನಕ್ಕೊಂದಲ್ಲ. ಟಿ.ಬಿ. ಇದ್ದವರಿಗೆ ಇನ್ನೊಂದು ಅಪಾಯವಿದೆ. ವಿಟಮಿನ್ ಡಿಯನ್ನು ಕ್ರಿಯಾಶೀಲ ರೂಪಕ್ಕೆ ತರುವುದು ಮುಖ್ಯವಾಗಿ ಮೂತ್ರಪಿಂಡ. ಅದಕ್ಕೆ ಹಾರ್ಮೋನಿನ ಲಗಾಮು ಇರುತ್ತದೆ. ಟಿ.ಬಿ. ಗಂಟುಗಳಲ್ಲಿರುವ, ಕ್ರಿಮಿಗಳನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕಣಗಳೂ ಇದೇ ಕೆಲಸ ಮಾಡುತ್ತವೆ, ಆ ಲಗಾಮು ಇಲ್ಲದೆ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು: ವಾಂತಿ, ಮಲಬದ್ಧತೆ, ತಡೆಯದ ಬಾಯಾರಿಕೆ, ಪದೇ ಪದೇ ಮೂತ್ರ, ಮಂಕು. ಪೇಚು ಏನೆಂದರೆ, ವಾಕರಿಕೆ ಟಿ.ಬಿ. ಗುಳಿಗೆಯಿಂದಲೂ ಬರುತ್ತದೆ. ಮನೆಯವರು ಗುಳಿಗೆಯನ್ನೇ ದೂರಿ ಅದನ್ನು ನಿಲ್ಲಿಸಿ, ಪೊಟ್ಟಣ ಮುಂದುವರಿಸಿಬಿಡುತ್ತಾರೆ. ಈಗಾಗಲೇ ಕೆಲವು ಪೊಟ್ಟಣ ಹೋಗಿದ್ದರೆ ದವಾಖಾನೆಯಲ್ಲಿ ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಿ. ಕೊರತೆಗೆ ಎಷ್ಟು ಕೊಡಬೇಕು ಎಂಬುದನ್ನು ಆ ವರದಿ ನೋಡಿ ವೈದ್ಯರೇ ಹೇಳಲಿ.

ಅಂಗಡಿಯವರ ಮಾತಿಗೆ ಬುಡವೇ ಇಲ್ಲವೆಂದಲ್ಲ. ಚರ್ಮದ ಟಿ.ಬಿ.ಯನ್ನು ಬೆಳಕಿನಿಂದ ಗುಣಪಡಿಸಿದ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂತು. ಡಿ ಸಿಕ್ಕಾಗ ಮ್ಯಾಕ್ರೋಫೇಜ್‌ಗಳು ಕ್ಯಾಥೆಲಿಸಿಡಿನ್ ಎಂಬ ಪ್ರೋಟೀನ್ ತಯಾರಿಸಿ ಟಿ.ಬಿ. ಕ್ರಿಮಿಯನ್ನು ಹೊಡೆಯುತ್ತವೆ ಎಂದು 2006ರಲ್ಲಿ ಪ್ರಯೋಗಶಾಲೆ ತೋರಿಸಿತು. ಆದರೆ ಮನುಷ್ಯರಲ್ಲಿ ಅದು ಅಷ್ಟು ಸಲೀಸಾಗಿ ನಡೆಯಲಿಲ್ಲ. ಲಂಡನ್ನಿನಲ್ಲಿ ರೋಗಿಗಳಿಗೆ ನಾಲ್ಕು ಬಾರಿ ತಲಾ ಒಂದು ಲಕ್ಷ ಯೂನಿಟ್ ಕೊಟ್ಟರೂ ಒಟ್ಟಾರೆ ಕಫ ಗಮನಾರ್ಹವಾಗಿ ಬೇಗ ಶುದ್ಧವಾಗಲಿಲ್ಲ. ಮಂಗೋಲಿಯಾದಲ್ಲಿ 8,800ಕ್ಕೂ ಹೆಚ್ಚು ಶಾಲಾಮಕ್ಕಳ ಅಧ್ಯಯನದಲ್ಲಿ ವಾರಕ್ಕೆ 14,000 ಯೂನಿಟ್‌ನಂತೆ ಮೂರು ವರ್ಷ ಕೊಟ್ಟಾಗ ರಕ್ತದಲ್ಲಿ ಡಿ ಏರಿತು, ಸೋಂಕು ಇಳಿಯಲಿಲ್ಲ.

ಇನ್ನು ಆ 11. ಇಪ್ಪತ್ತರ ಕೆಳಗೆ ಇದ್ದರೆ ಕೊರತೆಯೇ ಸರಿ. ಆದರೆ ಉರಿಯೂತವೇ ಈ ಅಂಕಿಯನ್ನು ಕೆಳಗೆಳೆಯುತ್ತದೆ, ರಿಫಾಂಪಿಸಿನ್ ಎಂಬ ಟಿ.ಬಿ. ಗುಳಿಗೆಯೂ ಡಿಯನ್ನು ಬೇಗ ಕರಗಿಸುತ್ತದೆ. ಡಿ ಕಡಿಮೆಯಾಗಿದ್ದರಿಂದ ರೋಗವೋ, ರೋಗದಿಂದ ಡಿ ಕಡಿಮೆಯೋ ಎಂದು ಒಂದು ವರದಿಯಿಂದ ಹೇಳಲಾಗದು. ಬಿಸಿಲಿನ ಲೆಕ್ಕ ಸರಳ: ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಿದ್ದಾಗ ಮಾತ್ರ ಚರ್ಮ ಚೆನ್ನಾಗಿ ಡಿ ತಯಾರಿಸುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಬೆಳಿಗ್ಗೆ 9.30ಕ್ಕೇ ಹಾಗಾಗುತ್ತದೆ, ಡಿಸೆಂಬರಿನಲ್ಲಿ 11ರಿಂದ 1.30ರವರೆಗೆ ಅಷ್ಟೇ. ಆ ಹೊತ್ತಿನಲ್ಲಿ ನಿಮ್ಮ ತಮ್ಮ ತಗಡಿನ ಶೆಡ್ಡಿನೊಳಗೆ! ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತೂ ಬೇಕು. ಮುಂಜಾನೆಯ ಎಳೆಬಿಸಿಲು ಹಿತವೇ ಹೊರತು ಡಿಗೆ ಸಾಲದು.

ಪೊಟ್ಟಣದ ದುಡ್ಡು ಊಟಕ್ಕೆ ಹೋಗಲಿ. ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೆ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಗುಳಿಗೆ ಕೊಟ್ಟಾಗ ಹೊಸ ಟಿ.ಬಿ. ಶೇ 39ರಷ್ಟು ಕಡಿಮೆಯಾಯಿತು (2023). ನಮ್ಮ ಕಡೆ ತೊಗರಿ, ಶೇಂಗಾ, ತತ್ತಿಗೆ ಬರವಿಲ್ಲ. ಟಿ.ಬಿ. ರೋಗಿಗಳ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ ₹1,000 ಖಾತೆಗೆ ಬರುತ್ತಿದೆಯೇ ನೋಡಿ. ಮನೆಯ ಉಳಿದವರನ್ನೂ ತಪಾಸಣೆಗೆ ಕರೆದೊಯ್ದು, ಮುಂಜಾಗ್ರತಾ ಗುಳಿಗೆ ಕೇಳಿ.

ನೀವು ಕೇಳದ ಒಂದು ಮಾತು: ಕಲ್ಲಿನ ದೂಳಿನಲ್ಲಿ ಸಿಲಿಕಾ ಇದ್ದರೆ ಅದು ಶ್ವಾಸಕೋಶದ ಇದೇ ಮ್ಯಾಕ್ರೋಫೇಜ್‌ಗಳನ್ನು ಕೊಲ್ಲುತ್ತದೆ. ತಮ್ಮ ಕೆಲಸಕ್ಕೆ ಮರಳುವಾಗ ಪಾಲಿಶ್ ಚಕ್ರದ ಮೇಲೆ ನೀರು ಬೀಳುತ್ತಲೇ ಇರಬೇಕು. ಮೂಗಿಗೆ ಕಟ್ಟಿದ ಟವೆಲ್ ಆ ದೂಳನ್ನು ತಡೆಯದು.