ಪ್ರತಿಕ್ರಿಯೆ: ಚೋರ್ಲಾ ಘಾಟಿಯಲ್ಲಿ ವಾಲುವ ಪಿಕಪ್‌ಗೆ ಏರ್ ಸಸ್ಪೆನ್ಷನ್ ಹಾಕಿಸಬೇಕೇ?

ಬೆಳಗಾವಿಯಿಂದ ಮಾಪುಸಾಕ್ಕೆ ತರಕಾರಿ ಹೊರುವ ನಿಮ್ಮ ಪಿಕಪ್ ಹಿಂದೆ ಕುಸಿದು ಎಡಕ್ಕೆ ವಾಲಲು ಕಾರಣ ಬಹುಶಃ ದಣಿದ ಅಥವಾ ಮುರಿದ ಲೀಫ್ ಸ್ಪ್ರಿಂಗ್, ಅಂದರೆ ಹೊರೆ ಹೊರಲು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಗಾಡಿ ನೋಡದೆ ಖಚಿತವಾಗಿ ಹೇಳಲಾರೆ. ಈ ಪಟ್ಟಿಗಳ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಗಾಡಿಯನ್ನು ಹೊರಿಸುವ ಏರ್ ಸಸ್ಪೆನ್ಷನ್‌ಗೆ ಹಣ ಸುರಿಯುವ ಮೊದಲು ಇಷ್ಟು ಮಾಡಿ.

ಖಾಲಿ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಬಾಡಿಯ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ಎಡಗಡೆ ಸ್ಪಷ್ಟವಾಗಿ ಕಡಿಮೆಯಿದ್ದರೆ ಪಟ್ಟಿಗಳನ್ನು ತೊಳೆದು ಟಾರ್ಚ್ ಹಿಡಿದು ನೋಡಿ. ನನ್ನ ಗಾಡಿಯಲ್ಲಿ ಎರಡನೇ ಪಟ್ಟಿ ನಡುಬೋಲ್ಟಿನ ಬಳಿ ಕೂದಲೆಳೆಯಷ್ಟು ಸೀಳಿತ್ತು. ಅದರ ತುಕ್ಕಿನ ಗೆರೆಯನ್ನು ಗೋವಾದ ಕೆಂಪು ಮಣ್ಣೆಂದೇ ತಿಂಗಳುಗಟ್ಟಲೆ ನಂಬಿದ್ದೆ. ಸೀಳು ಕಂಡರೆ ಎರಡೂ ಕಡೆಯ ಸ್ಪ್ರಿಂಗ್, ಅದರ ತುದಿಗಳಲ್ಲಿರುವ ಬುಷ್ ಬದಲಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿಗೊಳಿಸಿ.

ಪೂರ್ಣ ಏರ್ ಸಸ್ಪೆನ್ಷನ್ ಹೊರೆ ಎಷ್ಟಿದ್ದರೂ ಎತ್ತರವನ್ನು ಒಂದೇ ಸಮ ಕಾಯುತ್ತದೆ, ಟೊಮೆಟೊ ಜಜ್ಜುವುದೂ ಕಡಿಮೆ. ಆದರೆ ಕಂಪ್ರೆಸರ್, ಕೊಳವೆ, ವಾಲ್ವ್‌ಗಳಲ್ಲಿ ಯಾವುದು ಕೈಕೊಟ್ಟರೂ ಮಳೆಗಾಲದ ರಾತ್ರಿ ಘಾಟಿಯ ನಡುವೆ ಗಾಡಿ ಕುಳಿತುಬಿಡಬಹುದು. ನಿಮ್ಮ ದಾರಿಗೆ ನಾನು ಅದನ್ನು ಸಲಹೆ ಮಾಡುವುದಿಲ್ಲ.

ಹೊಸ ಪಟ್ಟಿ ಹಾಕಿದ ಮೇಲೂ ಕುಸಿದರೆ, ಅವುಗಳ ಜೊತೆಗೇ ಕೆಲಸ ಮಾಡುವ ಸಹಾಯಕ ಏರ್‌ಬ್ಯಾಗ್ (ಗಾಳಿ ತುಂಬುವ ರಬ್ಬರ್ ಚೀಲ) ಹಾಕಿಸಿ. ಎಡಬಲಕ್ಕೆ ಬೇರೆ ಬೇರೆ ವಾಲ್ವ್ ಇರಲೇಬೇಕು. ಒಂದೇ ಕೊಳವೆಯಾದರೆ ತಿರುವಿನಲ್ಲಿ ಗಾಳಿ ಆಚೆ ಬದಿಗೆ ಹರಿದು ವಾಲುವಿಕೆ ಹೆಚ್ಚುತ್ತದೆ. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಸೋರಿಕೆ ನೋಡಿಕೊಳ್ಳಿ. ಏರ್‌ಬ್ಯಾಗ್ ಹಾಕಿದಿರೆಂದು ಹೊರೆ ಮಾತ್ರ ಹೆಚ್ಚಿಸಬೇಡಿ: ಆಕ್ಸಲ್, ಬ್ರೇಕ್, ಟೈರ್ ಹಳೆಯವೇ, ಆರ್‌ಸಿಯಲ್ಲಿರುವ ತೂಕದ ಮಿತಿಯೂ ಅದೇ.