ಜೋನಿ ಬೆಲ್ಲದ ವಿಡಿಯೋದಲ್ಲಿ ಹೊಗೆ, ನೊರೆ ಎಲ್ಲ ಇರಲಿ

ಹೆಗಡೇರೇ, ಮಾರಾಟಕ್ಕಿಟ್ಟ ಜೋನಿ ಬೆಲ್ಲದ (ಡಬ್ಬಿಯಲ್ಲಿ ಬರುವ ನೀರು ಬೆಲ್ಲ) ವಿಡಿಯೋಗೆ ಜಾಹೀರಾತು ಏಜೆನ್ಸಿಯವರನ್ನು ಕರೆಸಲೋ, ಮೊಬೈಲಲ್ಲೇ ತೆಗೆಯಲೋ ಅಂತ ಕೇಳಿದ್ದೀರಿ. ಏಜೆನ್ಸಿಯವರು 'ನ್ಯಾಚುರಲ್ ಸ್ಟೈಲ್'ನಲ್ಲಿ ಮಾಡೋಣ ಅಂದಿದ್ದಾರೆ ಅಂತಲೂ ಬರೆದಿದ್ದೀರಿ. ಮೊಬೈಲೇ ಸಾಕು. ಶಿರಸಿ ಕಡೆ ನಾವೂ ಆಲೆಮನೆ ಮಾಡುವವರು, ಎರಡನ್ನೂ ಮಾಡಿ ನೋಡಿದ್ದೇವೆ.

ಮೊದಲ ವರ್ಷ ಪೇಟೆಯಿಂದ ಕ್ಯಾಮೆರಾದವರು ಬಂದಿದ್ದರು. ಒಲೆಯ ಹೊಗೆ ಕಾಣಬಾರದು ಅಂದರು. ಬೆಲ್ಲದ ಬಣ್ಣವನ್ನು ಕಂಪ್ಯೂಟರಿನಲ್ಲಿ ತಿಳಿ ಮಾಡಿದರು. ನೋಡಲು ಚೆನ್ನಾಗೇ ಇತ್ತು. ಆದರೆ ತರಿಸಿಕೊಂಡವರು ಡಬ್ಬಿ ತೆಗೆದು, 'ವಿಡಿಯೋದಲ್ಲಿ ಹೊಂಬಣ್ಣ ಇತ್ತು, ಇದು ಯಾಕೆ ಕಪ್ಪು?' ಎಂದು ಫೋನ್ ಮಾಡಿದರು. ಅವರು ಕೇಳಿದ್ದು ಸರಿಯೇ.

ಮರುವರ್ಷ ಮಗಳು ಕೊಪ್ಪರಿಗೆ ಪಕ್ಕ ನಿಂತು ತೆಗೆದಳು. ಕಬ್ಬಿನ ಹಾಲು ಕುದಿದು ನೊರೆ ಅಂಚಿನವರೆಗೆ ಏರುತ್ತದಲ್ಲ, ಆ ಹೊತ್ತು. ನಮ್ಮವರು 'ಬೆಂಕಿ ಹಿಂದೆ ಎಳಿ' ಅಂತ ಕೂಗಿದ್ದು, ಪಾಕದ ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಜ್ಜಿ 'ಇನ್ನೊಂಚೂರು ಬೇಕು' ಅಂದಿದ್ದು, ಯಾವುದನ್ನೂ ಕತ್ತರಿಸಲಿಲ್ಲ. ಅದನ್ನು ನೋಡಿ ತರಿಸಿದವರಲ್ಲಿ ಸುಮಾರು ಜನ ಈಗಲೂ ಸಂಕ್ರಾಂತಿ ಆಗುತ್ತಿದ್ದಂತೆ 'ಯಾವಾಗ?' ಅಂತ ಕೇಳುತ್ತಾರೆ.

ಡಬ್ಬಿ ತಳದಲ್ಲಿ ಕೂರುವ ಹರಳನ್ನೂ ತೋರಿಸಿ. ಸಕ್ಕರೆ ಬೆರೆಸಿದ್ದಾರೆ ಅನ್ನುವ ಅನುಮಾನ ಬರುವುದೇ ಅಲ್ಲಿ. ಕಬ್ಬಿನಲ್ಲಿದ್ದ ಸಿಹಿಯೇ ತಣಿದು ಹರಳುಗಟ್ಟುತ್ತದೆ ಅಂತ ಸೌಟಲ್ಲಿ ಎತ್ತಿ ಹಿಡಿದು ಹೇಳಿ. ಬಣ್ಣದ ಮಾತೂ ಅಷ್ಟೇ. ಹೈಡ್ರೋಸ್ ಅನ್ನುವ ಬಣ್ಣ ತೆಗೆಯುವ ರಾಸಾಯನಿಕ ಹಾಕಿದರೆ ಬೆಲ್ಲ ತಿಳಿಯಾಗುತ್ತದೆ, ನಾವು ಹಾಕುವುದಿಲ್ಲ, ಅದಕ್ಕೇ ಈ ಬಣ್ಣ ಅನ್ನಿ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ ಹಾಕುತ್ತೀರಾದರೆ ಅದನ್ನೂ ಮುಚ್ಚಿಡಬೇಡಿ. ಬೆಂಡೆ ಗಿಡದ ಲೋಳೆಯಾದರೆ ಅದನ್ನು ಹಿಂಡುವುದೇ ಒಂದು ಒಳ್ಳೆಯ ವಿಡಿಯೋ.

ದೊಡ್ಡ ಕಂಪನಿಗಳೂ ಹೀಗೆ ಸಾದಾ ವಿಡಿಯೋಗಳನ್ನೇ ಹಾಕುತ್ತವೆ ಅಂತ ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಬರೆದಿದ್ದಾರೆ. ನಿಜ, ಕ್ಯಾಮೆರಾ ಮಾಡುವ ಗೋಪ್ರೋ ಕಂಪನಿ ಗಿರಾಕಿಗಳು ತೆಗೆದ ವಿಡಿಯೋಗಳನ್ನೇ ಜಾಹೀರಾತಿಗೆ ಬಳಸಿ ಬೆಳೆಯಿತು. ಆದರೆ ಈಗ ಬೇಕಂತಲೇ ಕೈ ಅಲುಗಿಸಿ ತೆಗೆಸುವವರು, ದುಡ್ಡು ಕೊಟ್ಟು ಗಿರಾಕಿಯ ಹಾಗೆ ಮಾತಾಡಿಸುವವರೂ ಇದ್ದಾರೆ. ನಿಮಗೆ ಏಜೆನ್ಸಿಯವರು 'ನ್ಯಾಚುರಲ್ ಸ್ಟೈಲ್' ಅಂದಿದ್ದು ಇದೇ ಇರಬೇಕು. ದಯವಿಟ್ಟು ಬೇಡ. ಮನೆ ಹಿಂದೆಯೇ ಕೊಪ್ಪರಿಗೆ ಕುದಿಯುವಾಗ ನಾಟಕ ಯಾಕೆ?

ರೀಲ್ಸ್ ಮಾಡುವವರಿಗೆ ಡಬ್ಬಿ ಕೊಡುವ ಯೋಚನೆ ಇದ್ದರೆ ಒಂದು ಮಾತು. ದುಡ್ಡು ಕೊಡದೆ ಬರೀ ಬೆಲ್ಲ ಕೊಟ್ಟರೂ ಅವರು 'ಜಾಹೀರಾತು' ಅಂತ ಎದ್ದು ಕಾಣುವ ಹಾಗೆ ಹಾಕಬೇಕು. ಜಾಹೀರಾತು ಮಂಡಳಿ ಆಸ್ಕಿ 2021ರಲ್ಲೇ ಈ ನಿಯಮ ತಂದಿದೆ. ಗಿರಾಕಿಗಳು ಕಳಿಸಿದ ವಿಡಿಯೋ ಹಾಕುವುದಾದರೆ ಅವರನ್ನು ಕೇಳಿಯೇ ಹಾಕಿ. ವಾಟ್ಸಾಪ್ ಮೆಸೇಜಿನ ಫೋಟೋದಲ್ಲಿ ಹೆಸರು, ನಂಬರ್ ಮುಚ್ಚಿ. ಗಾಣದ ಕೆಲಸಕ್ಕೆ ಬಂದವರ ಮುಖ ತೋರಿಸುವಾಗಲೂ ಕೇಳಬೇಕು, ಅಲ್ವಾ?

ಸಿನಿಮಾ ಹಾಡು ಹಾಕಬೇಡಿ. ವ್ಯಾಪಾರಕ್ಕೆ ಬಳಸಲು ಹಕ್ಕು ಬೇಕಾಗುತ್ತದೆ. ಕುದಿಯುವ ಸದ್ದು ಅದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ.

ಆವಿಗೆ ಲೆನ್ಸ್ ಮಬ್ಬಾಗುತ್ತದೆ, ಒಣ ಬಟ್ಟೆ ಹತ್ತಿರ ಇಟ್ಟುಕೊಳ್ಳಿ. ನಿಮ್ಮ ಆಲೆಮನೆ ಯಾವಾಗ ಅಂತ ತಿಳಿಸಿ, ಬೇಕಾದರೆ ಮಗಳನ್ನು ಕಳಿಸುತ್ತೇನೆ.